ಹಿತ್ತಿಲ ಕೊಟ್ಟಿಗೆಯೋ, ಸಣ್ಣ ಫಾರಮ್ಮೋ: ಮಲೆನಾಡಿನಲ್ಲಿ ಸಾಕುವ ಮುನ್ನ ಹಾಕಬೇಕಾದ ಲೆಕ್ಕ

ಎರಡು ಮಲೆನಾಡು ಗಿಡ್ಡ (ಇಲ್ಲಿನ ಸಣ್ಣ ಮೈಯ ನಾಟಿ ಹಸು), ಒಂದು ಕರು, ಎಂಟು ನಾಟಿ ಹೇಂಟೆ, ಒಂದು ಹುಂಜ. ಇದು ಹಿತ್ತಿಲ ಸಾಕಣೆ ಎಂದು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. ಹದಿನೈದು ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಹಸು, ಹಾಲು ಕರೆಯುವ ಮಷೀನು, ಸಂಬಳದ ಆಳು ಇದ್ದರೆ ಅದು ಫಾರಂ ಎನ್ನುವುದರಲ್ಲೂ ಅನುಮಾನವಿಲ್ಲ. ಕಷ್ಟ ಇರುವುದು ಇವೆರಡರ ನಡುವೆ. ಅಜ್ಜನ ಕಾಲದ ಕೊಟ್ಟಿಗೆಯಲ್ಲೇ ಮೂರು ಮಿಶ್ರತಳಿ ಹಸು ಕಟ್ಟಿ, ಗಿಡ್ಡಕ್ಕೆ ಹಾಕಿದಂತೆ ಮೇವು ಹಾಕಿ, ಫಾರಂ ಹಸುವಿನಷ್ಟು ಹಾಲು ಬರಬೇಕೆಂದರೆ ಹಾಲೂ ಬರುವುದಿಲ್ಲ, ಹಸುವೂ ಉಳಿಯುವುದಿಲ್ಲ. ಎರಡೂ ಒಳ್ಳೆಯ ಪದ್ಧತಿಗಳೇ. ಆದರೆ ಎರಡರ ಮೇವು, ಕೊಟ್ಟಿಗೆ, ಔಷಧ, ದಿನಚರಿ ಎಲ್ಲ ಬೇರೆ. ನಾವು ಮಾಡುತ್ತಿರುವುದು ಯಾವುದು ಎಂದು ಹಸು ತರುವ ಮೊದಲೇ ಗೊತ್ತಿರಬೇಕು.

ಗೆರೆ ಎಲ್ಲಿದೆ

ತಲೆ ಎಣಿಸಿದರೆ ಇದು ತಿಳಿಯುವುದಿಲ್ಲ. ಮೇವು ಎಲ್ಲಿಂದ ಬರುತ್ತದೆ ಎಂದು ನೋಡಿದರೆ ತಿಳಿಯುತ್ತದೆ. ಹಿತ್ತಿಲ ಸಾಕಣೆ ನಡೆಯುವುದು ಮನೆಯಲ್ಲಿ, ಜಮೀನಿನಲ್ಲಿ ಮಿಕ್ಕಿದ್ದರ ಮೇಲೆ. ಅಕ್ಕಚ್ಚು, ತೌಡು, ಗದ್ದೆಯ ಬೈಹುಲ್ಲು, ತೋಟದ ಅಂಚಿನ ಹುಲ್ಲು, ಅಡಿಕೆ ಹಾಳೆ, ಬಾಳೆ ದಿಂಡು, ಹಕ್ಕಲಿನ ಮೇವು. ದನ ಇಲ್ಲದಿದ್ದರೆ ಇವೆಲ್ಲ ಕೊಳೆತು ಹೋಗುತ್ತಿದ್ದವು. ಆದ್ದರಿಂದ ಒಂದೂವರೆ ಲೀಟರ್ ಹಾಲು ಬಂದರೂ ಅದು ಲಾಭವೇ. ಫಾರಂ ನಡೆಯುವುದು ಕೊಂಡದ್ದರ ಮೇಲೆ, ಇಲ್ಲವೇ ಅದಕ್ಕೆಂದೇ ಬೆಳೆದದ್ದರ ಮೇಲೆ. ಅಲ್ಲಿ ಒಂದೊಂದು ಕೆ.ಜಿ. ಮೇವಿಗೂ ಬೆಲೆ ಇದೆ, ಆ ಬೆಲೆ ಹಾಲಿನಲ್ಲೋ ಮೊಟ್ಟೆಯಲ್ಲೋ ಹಿಂದಿರುಗಬೇಕು.

ಅಳೆಯುವ ಕ್ರಮ ಸುಲಭ. ಮೂರು ತಿಂಗಳು, ಅಂಗಡಿಯಿಂದ ಬಂದ ಹಿಂಡಿ, ಬೂಸಾ, ಹುಲ್ಲಿನ ಹೊರೆಗಳನ್ನು ಮಾತ್ರ ಕ್ಯಾಲೆಂಡರಿನ ಮೇಲೆ ಗುರುತು ಹಾಕಿ. ದನ ತಿಂದದ್ದರಲ್ಲಿ ಕೊಂಡದ್ದು ಮೂರರಲ್ಲೊಂದು ಪಾಲು ದಾಟಿದರೆ ನೀವು ಹಿತ್ತಿಲು ದಾಟಿದ್ದೀರಿ ಎಂದೇ ತಿಳಿಯಿರಿ, ಕೊಟ್ಟಿಗೆಯಲ್ಲಿ ಇರುವುದು ಒಂದೇ ಹಸುವಾದರೂ ಸರಿ. ಇನ್ನೊಂದು ಗುರುತೂ ಇದೆ. ಮದುವೆಗೆಂದು ಮನೆಮಂದಿ ಎರಡು ದಿನ ಊರು ಬಿಟ್ಟರೆ ಪಕ್ಕದ ಮನೆಯವರು ಬಂದು ಮೇವು ಹಾಕಿ, ಕರುವನ್ನು ಹಸುವಿನ ಜೊತೆಗೇ ಬಿಟ್ಟು ಸುಧಾರಿಸಬಹುದೇ? ಸುಧಾರಿಸಬಹುದಾದರೆ ಅದು ಹಿತ್ತಿಲು. ಹತ್ತು ಲೀಟರಿನ ಹಸುವನ್ನು ಹಾಗೆ ಬಿಟ್ಟರೆ ಮೂರನೇ ದಿನಕ್ಕೆ ಕೆಚ್ಚಲು ಬಾವು ಕಟ್ಟಿಟ್ಟದ್ದು.

ಗಿಡ್ಡದ ಲೆಕ್ಕ, ಮಿಶ್ರತಳಿಯ ಲೆಕ್ಕ

ಮಲೆನಾಡು ಗಿಡ್ಡದ ಹಸು ಸುಮಾರು 120 ಕೆ.ಜಿ. ತೂಗುತ್ತದೆ. ನೀರಿನಂಶ ಕಳೆದು ಒಣಲೆಕ್ಕದಲ್ಲಿ ದಿನಕ್ಕೆ 3ರಿಂದ 3.5 ಕೆ.ಜಿ. ಮೇವು ಸಾಕು. ಎಂದರೆ ಒಂದೂವರೆ ಕೆ.ಜಿ. ಬೈಹುಲ್ಲು, ಏಳೆಂಟು ಕೆ.ಜಿ. ಹಸಿಹುಲ್ಲು, ಅರ್ಧ ಕೆ.ಜಿ. ತೌಡೋ ಹಿಂಡಿಯೋ. ಹಗಲು ಮೇಯಲು ಹೋಗಿ ಬಂದರೆ ಹಸಿಹುಲ್ಲಿನ ಮುಕ್ಕಾಲು ಪಾಲು ಅಲ್ಲೇ ಮುಗಿದಿರುತ್ತದೆ. ಹಿಂಡಿಯ 50 ಕೆ.ಜಿ. ಮೂಟೆ ಮೂರು ತಿಂಗಳಿಗೂ ಮೇಲೆ ಬರುತ್ತದೆ. ಹಾಲು ದಿನಕ್ಕೆ ಒಂದರಿಂದ ಒಂದೂವರೆ ಲೀಟರ್, ಒಳ್ಳೆಯ ಕರಾವಾದರೆ ಅದಕ್ಕಿಂತ ಜಾಸ್ತಿ. ಮಳೆ, ಉಣುಗು (ರಕ್ತ ಹೀರುವ ಉಣ್ಣೆ), ಗುಡ್ಡದ ಇಳಿಜಾರು, ಬಡ ಮೇವು ಇವೆಲ್ಲಕ್ಕೂ ಒಗ್ಗಿದ ಮೈ ಅದರದು.

ಜರ್ಸಿ ಅಥವಾ ಎಚ್.ಎಫ್. ಮಿಶ್ರತಳಿ 350ರಿಂದ 400 ಕೆ.ಜಿ. ತೂಗುತ್ತದೆ. ಹತ್ತು ಲೀಟರ್ ಕೊಡುವಾಗ ಅದಕ್ಕೆ ಹಸಿಹುಲ್ಲು 20ರಿಂದ 25 ಕೆ.ಜಿ., ಒಣಹುಲ್ಲು 3ರಿಂದ 4 ಕೆ.ಜಿ. ಬೇಕು. ಹಿಂಡಿಯಲ್ಲಿ ಮೈ ಕಾಯುವುದಕ್ಕೆ 1.5 ಕೆ.ಜಿ., ಅದರ ಮೇಲೆ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ. ಒಟ್ಟು ಐದೂವರೆ ಕೆ.ಜಿ., ತಿಂಗಳಿಗೆ ಮೂರು ಮೂಟೆ ದಾಟುತ್ತದೆ. ಜೊತೆಗೆ ಖನಿಜ ಮಿಶ್ರಣ 50 ಗ್ರಾಂ. ಕುಡಿಯುವ ನೀರು ಕನಿಷ್ಠ 40 ಲೀಟರ್, ಅದರ ಮೇಲೆ ಲೀಟರ್ ಹಾಲಿಗೆ ಮೂರು ನಾಲ್ಕು ಲೀಟರ್ ನೀರು. ಮೂರೂವರೆಯಿಂದ ನಾಲ್ಕು ಗಿಡ್ಡ ತಿನ್ನುವುದನ್ನು ಒಂದು ಮಿಶ್ರತಳಿ ತಿನ್ನುತ್ತದೆ ಎಂದರೆ ಹೆಚ್ಚಲ್ಲ. ಮೇವಿನಲ್ಲಿ ಕೈ ಬಿಗಿ ಹಿಡಿದರೆ ಗಿಡ್ಡ ಹಾಲು ಕಡಿಮೆ ಮಾಡಿ ತಾನು ಉಳಿಯುತ್ತದೆ. ಮಿಶ್ರತಳಿ ಮೊದಮೊದಲು ಮೈ ಕರಗಿಸಿಕೊಂಡು ಹಾಲು ಕೊಡುತ್ತದೆ, ಆಮೇಲೆ ಬೆದೆಗೆ ಬರುವುದನ್ನೇ ಬಿಡುತ್ತದೆ. ನಷ್ಟ ಶುರುವಾಗುವುದು ಅಲ್ಲಿಂದ.

ಬೆದೆಯ ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಬೆದೆ 21 ದಿನಕ್ಕೊಮ್ಮೆ ಬರುತ್ತದೆ, ಹೆಚ್ಚೆಂದರೆ 12ರಿಂದ 18 ಗಂಟೆ ಇರುತ್ತದೆ. ಗಿಡ್ಡಗಳನ್ನು ಒಟ್ಟಿಗೆ ಮೇಯಲು ಬಿಟ್ಟಾಗ ಹೋರಿ ತಾನೇ ನೋಡಿಕೊಳ್ಳುತ್ತದೆ, ಮನುಷ್ಯ ಗಮನಿಸದಿದ್ದರೂ ಗಬ್ಬವಾಗುತ್ತದೆ. ಕಟ್ಟಿ ಮೇಯಿಸುವ ಹಸುವಿನ ಬೆದೆಯನ್ನು ನೀವೇ ನೋಡಬೇಕು. ಮೊಟ್ಟೆಯ ಬಿಳಿಯಂಥ ಲೋಳೆ, ಕೂಗು, ಹಾಲು ಹಠಾತ್ತನೆ ಕಡಿಮೆಯಾಗುವುದು, ಪಕ್ಕದ ಹಸುವಿನ ಮೇಲೆ ಹತ್ತುವುದು ಇದರ ಗುರುತು. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ಒಂದು ಬೆದೆ ತಪ್ಪಿದರೆ 21 ದಿನದ ಮೇವು ಸುಮ್ಮನೆ ಹೋಯಿತು. ಕರು ಹಾಕಿ ಎರಡರಿಂದ ಮೂರು ತಿಂಗಳೊಳಗೆ ಗಬ್ಬ ಕಟ್ಟಿಸಿ, ಹೆರಿಗೆಗೆ 60 ದಿನ ಇರುವಾಗ ಹಾಲು ಬತ್ತಿಸಬೇಕು. ಎರಡೇ ಹಸು ಇದ್ದರೆ ಅವುಗಳ ಹೆರಿಗೆಯ ನಡುವೆ ಆರು ತಿಂಗಳ ಅಂತರ ಇಟ್ಟುಕೊಳ್ಳಿ. ಎರಡೂ ಒಟ್ಟಿಗೆ ಬತ್ತಿದರೆ ಹಿಂಡಿ ಅಂಗಡಿಯ ಬಾಕಿ ಕಟ್ಟಲು ದಾರಿಯಿರುವುದಿಲ್ಲ.

ಫಾರಂ ಮಾಡುವವರು ಮೊದಲು ನೆಡಬೇಕಾದದ್ದು ಹುಲ್ಲು

ಹಸು ತಂದು ಆಮೇಲೆ ಹುಲ್ಲು ಹುಡುಕುವುದು ಎಲ್ಲ ಕಡೆ ಕಾಣುವ ತಪ್ಪು. ಒಂದು ಮಿಶ್ರತಳಿ ಹಸುವಿಗೆ ವರ್ಷಕ್ಕೆ 9 ಟನ್ ಹಸಿಮೇವು ಬೇಕು. ಸಿ.ಓ. 4, ಸಿ.ಓ. 5 ನೇಪಿಯರ್ ಹುಲ್ಲು ಶಿಕಾರಿಪುರದ ಬಯಲಲ್ಲಿ, ನೀರಾವರಿಯಲ್ಲಿ ಎಕರೆಗೆ 100 ಟನ್ ದಾಟಬಹುದು. ತೋಟದ ಅಂಚು, ಅರೆನೆರಳು, ಜಂಬಿಟ್ಟಿಗೆ ಮಣ್ಣಿನಲ್ಲಿ ಅದರ ಅರ್ಧ ಸಿಕ್ಕರೆ ಹೆಚ್ಚು. ಹಾಗಾಗಿ ಹಸುವಿಗೆ 8 ಗುಂಟೆ ಎಂದು ಇಟ್ಟುಕೊಳ್ಳಿ. ಎರಡು ಗಣ್ಣಿನ ತುಂಡನ್ನು ಎರಡಡಿಗೆ ಒಂದರಂತೆ, ಒಂದು ಗಣ್ಣು ಮಣ್ಣೊಳಗೆ ಹೋಗುವಂತೆ ಓರೆಯಾಗಿ ನೆಡಬೇಕು. ಗುಂಟೆಗೆ ಸುಮಾರು 270 ತುಂಡು ಹಿಡಿಯುತ್ತದೆ. ಮೊದಲ ಕೊಯ್ಲು 75ರಿಂದ 80 ದಿನಕ್ಕೆ, ಆಮೇಲೆ 45 ದಿನಕ್ಕೊಮ್ಮೆ. 60 ದಿನ ಬಿಟ್ಟರೆ ಕಡ್ಡಿಯಾಗುತ್ತದೆ, ದನ ಎಲೆ ತಿಂದು ದಂಟು ಉಳಿಸುತ್ತದೆ. ಮೇ ತಿಂಗಳ ಮಳೆಗೆ ನೆಟ್ಟರೆ ಬೇರು ಕಚ್ಚುತ್ತದೆ. ಜುಲೈ ಜಡಿಮಳೆಯಲ್ಲಿ ನೀರು ನಿಲ್ಲುವ ಜಾಗದಲ್ಲಿ ನೆಟ್ಟ ತುಂಡು ಕೊಳೆಯುತ್ತದೆ. ಹಸು ತರುವುದು ಮೊದಲ ಕೊಯ್ಲು ಕೈಗೆ ಬಂದ ಮೇಲೆ.

ಮಳೆಗಾಲ ಬೇರೆಯೇ ಲೆಕ್ಕ ಕೇಳುತ್ತದೆ. ಆಗುಂಬೆ, ಹುಲಿಕಲ್ ಸುತ್ತ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಲ್ಲು ಬೇಕಾದಷ್ಟಿದ್ದರೂ ಅದರಲ್ಲಿ ನೀರೇ ಹೆಚ್ಚು. ಹೊಟ್ಟೆ ತುಂಬಿದಂತೆ ಕಾಣುತ್ತದೆ, ನಾರು ಸಾಲದೆ ಹಾಲಿನ ಕೊಬ್ಬು ಇಳಿಯುತ್ತದೆ. ಹಾಲಿನ ಸಂಘದಲ್ಲಿ ಹಸುವಿನ ಹಾಲಿಗೆ ಶೇ. 3.5 ಕೊಬ್ಬು, ಶೇ. 8.5 ಎಸ್.ಎನ್.ಎಫ್. (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡುತ್ತಾರೆ. ಜುಲೈನಲ್ಲಿ ಹಾಲು ಕಡಿಮೆ ದರಕ್ಕೆ ಇಳಿಯುವುದು ಇದರಿಂದ. ಮಳೆಯ ನಾಲ್ಕು ತಿಂಗಳು ಹಸುವಿಗೆ ದಿನಕ್ಕೆ 6 ಕೆ.ಜಿ. ಒಣಹುಲ್ಲು ಹಾಕಬೇಕು. ಒಂದು ಹಸುವಿಗೆ 720 ಕೆ.ಜಿ. ಆಯಿತು. ಅದನ್ನು ಜನವರಿ, ಫೆಬ್ರವರಿಯಲ್ಲೇ ಕೊಂಡು ಒಟ್ಟಬೇಕು. ಗೊಣಬೆಯ (ಹುಲ್ಲಿನ ಬಣವೆಯ) ಬುಡಕ್ಕೆ ಕಲ್ಲು, ಅಡಿಕೆ ದಬ್ಬೆ ಹಾಕಿ ಒಂದಡಿ ಎತ್ತರಿಸಿ. ಮೇಲೆ ಟಾರ್ಪಾಲು ಹೊದೆಸಿದರೆ ಸಾಲದು, ಹುಲ್ಲಿಗೂ ಟಾರ್ಪಾಲಿಗೂ ನಡುವೆ ಗಾಳಿ ಆಡಬೇಕು, ಇಲ್ಲದಿದ್ದರೆ ಒಳಗಿನಿಂದಲೇ ಬೆವರುತ್ತದೆ. ಬೂಷ್ಟು ಹಿಡಿದ ಹುಲ್ಲು, ಕಪ್ಪಗಾದ ಅಡಿಕೆ ಹಾಳೆ ಯಾವ ದನಕ್ಕೂ ಬೇಡ. ಬಾಲದ ತುದಿ, ಕಿವಿ, ಗೊರಸಿನ ಮೇಲೆ ಕೊಳೆಯುವಂಥ ಹುಣ್ಣು ಬೂಷ್ಟಿನ ವಿಷದಿಂದಲೇ ಬರುವುದುಂಟು. ಹಾಳೆಯನ್ನು ಬೇಸಿಗೆಯಲ್ಲಿ ಒಣಗಿಸಿ, ಮೇವು ಕತ್ತರಿಸುವ ಮಷೀನಿನಲ್ಲಿ ಬೆರಳುದ್ದ ತುಂಡು ಮಾಡಿ ಚೀಲದಲ್ಲಿ ತುಂಬಿಟ್ಟರೆ ಬೈಹುಲ್ಲಿನ ಅರ್ಧ ಪಾಲನ್ನು ಅದು ತುಂಬಿಸುತ್ತದೆ.

ತೋಟದ ಹುಲ್ಲಿನ ಬಗ್ಗೆ ಒಂದು ಎಚ್ಚರಿಕೆ ಇಬ್ಬರಿಗೂ ಸಲ್ಲುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆದಾಗ ಅದರಲ್ಲಿರುವ ಮೈಲುತುತ್ತ (ತಾಮ್ರದ ಸಲ್ಫೇಟ್) ಗೊನೆಯಿಂದ ಸೋರಿ ಕೆಳಗಿನ ಹುಲ್ಲಿನ ಮೇಲೆ ಬೀಳುತ್ತದೆ. ತಾಮ್ರ ಒಂದೇ ದಿನಕ್ಕೆ ಕೊಲ್ಲುವುದಿಲ್ಲ, ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಶೇಖರವಾಗಿ ಒಮ್ಮೆಗೇ ಕೆಡಿಸುತ್ತದೆ. ಕುರಿಗೆ ಎಲ್ಲಕ್ಕಿಂತ ಅಪಾಯ, ಕರುಗಳಿಗೂ ತಡೆಯುವ ಶಕ್ತಿ ಕಡಿಮೆ. ಔಷಧ ಹೊಡೆಯುವ ಮುಂಚಿನ ದಿನವೇ ಹುಲ್ಲು ಕೊಯ್ದು ಮುಗಿಸಿ. ಆಮೇಲೆ ಹಳೆ ಹುಲ್ಲನ್ನು ಸವರಿ ಮರದ ಬುಡಕ್ಕೆ ಹಾಕಿ, ಹೊಸ ಚಿಗುರು ಬಂದದ್ದನ್ನು ಮಾತ್ರ ದನಕ್ಕೆ ತನ್ನಿ.

ಇನ್ನೊಂದು, ಸಮಾರಂಭದ ಮರುದಿನದ್ದು. ಮಿಕ್ಕ ಅನ್ನ, ಪಾಯಸವನ್ನು ಒಂದೇ ಸಲ ಬಾನಿಗೆ ಸುರಿದರೆ ಹೊಟ್ಟೆ ಹುಳಿಯಾಗಿ ಎಂಟು ಹತ್ತು ಗಂಟೆಯಲ್ಲಿ ಹಸು ಮಲಗಿಬಿಡುತ್ತದೆ. ಹಲಸಿನ ಕಾಲದಲ್ಲಿ ಮರದಡಿ ಬಿದ್ದ ಹಣ್ಣನ್ನು ತಾನೇ ತಿಂದು ಬಂದಾಗಲೂ ಹೀಗೇ ಆಗುತ್ತದೆ. ಮೆಲುಕು ನಿಂತು, ಎಡಹೊಟ್ಟೆ ಬಿಗಿದು, ಸಗಣಿ ತೆಳ್ಳಗೆ ಹುಳಿ ನಾತ ಬಂದರೆ ತಡಮಾಡದೆ ಡಾಕ್ಟರನ್ನು ಕರೆಯಬೇಕು. ಅವರು ಬರುವವರೆಗೆ, ಹಸು ನಿಂತಿದ್ದು ನುಂಗುತ್ತಿದ್ದರೆ ಮಾತ್ರ, ದೊಡ್ಡ ಹಸುವಿಗೆ 100 ಗ್ರಾಂ ಅಡುಗೆ ಸೋಡವನ್ನು ನೀರಿನಲ್ಲಿ ಕದಡಿ ನಿಧಾನವಾಗಿ ಕುಡಿಸಬಹುದು, ಗಿಡ್ಡಕ್ಕೆ ಅದರ ಅರ್ಧ. ಮಲಗಿದ ಹಸುವಿಗೆ ಗೊಟ್ಟದಲ್ಲಿ ಏನನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಒಂದೇ ಕೊಟ್ಟಿಗೆ ಎರಡಕ್ಕೂ ಆಗದು

ಹಳೆಯ ಸೊಪ್ಪಿನ ಕೊಟ್ಟಿಗೆ ಗೊಬ್ಬರಕ್ಕಾಗಿ ಕಟ್ಟಿದ್ದು. ನೆಲ ಮಣ್ಣಿನದು, ದಿನವೂ ಸೊಪ್ಪೋ ದರಕೋ (ಉದುರಿದ ಒಣ ಎಲೆ) ಹಾಸಿ, ಸಗಣಿ ಗಂಜಲ ಅದರಲ್ಲೇ ಹೀರಿಸಿ, ಕೆಲವು ದಿನಕ್ಕೊಮ್ಮೆ ಎತ್ತುವ ಪದ್ಧತಿ. ಗಿಡ್ಡ ಹಗಲು ಹೊರಗಿದ್ದು ರಾತ್ರಿ ಮಾತ್ರ ಇಲ್ಲಿ ಮಲಗುತ್ತದೆ, ಕೆಚ್ಚಲೂ ಸಣ್ಣದು. ಅದಕ್ಕೆ ಈ ವ್ಯವಸ್ಥೆ ಚೆನ್ನಾಗಿಯೇ ಒಗ್ಗಿದೆ. ದಿನವಿಡೀ ಕಟ್ಟಿದ, ಜೋಲುವ ಕೆಚ್ಚಲಿನ ಹಸು ಅದೇ ಹಸಿ ಹಾಸಿನ ಮೇಲೆ ಮಲಗಿದರೆ, ಕರೆದ ತಕ್ಷಣ ಇನ್ನೂ ತೆರೆದಿರುವ ಮೊಲೆತುದಿಯೊಳಗೆ ಕೊಳೆ ಸೇರುತ್ತದೆ. ಕೆಚ್ಚಲು ಬಾವು, ಗೊರಸು ಕೊಳೆ ಎರಡಕ್ಕೂ ಮೂಲ ಇದೇ.

ಫಾರಂ ಕೊಟ್ಟಿಗೆಯಲ್ಲಿ ಹಸುವೊಂದಕ್ಕೆ ನಾಲ್ಕಡಿ ಅಗಲ, ಐದೂವರೆಯಿಂದ ಆರಡಿ ಉದ್ದ ಬೇಕು. ನೆಲ ಸಿಮೆಂಟಿನದಾದರೆ ನುಣ್ಣಗೆ ತಿಕ್ಕಬೇಡಿ, ಒರಟಾಗಿಸಿ ಗೀರು ಹಾಕಿ. 40 ಅಡಿಗೆ ಒಂದಡಿ ಇಳಿಜಾರು ಹಿಂದಿನ ಗಂಜಲ ಕಾಲುವೆಗೆ. ಮೇಲೆ ರಬ್ಬರ್ ಮ್ಯಾಟು ಹಾಕಿದರೆ ಮಂಡಿ ಉಳಿಯುತ್ತದೆ, ಆದರೆ ವಾರಕ್ಕೊಮ್ಮೆ ಮ್ಯಾಟೆತ್ತಿ ತೊಳೆಯದಿದ್ದರೆ ಅಡಿಯಲ್ಲೇ ಹುಳ ಬೀಳುತ್ತದೆ. ಮಳೆ ಬಡಿಯುವುದು ನೈಋತ್ಯದಿಂದ, ಆ ಕಡೆ ಸೂರು ಗೋಡೆಯಿಂದ ಮೂರಡಿ ಚಾಚಿರಲಿ. ಇರಚಲು ತಡೆಯಬೇಕೆಂದು ನಾಲ್ಕೂ ಕಡೆ ಪ್ಲಾಸ್ಟಿಕ್ ಕಟ್ಟಿ ಮುಚ್ಚುವವರಿದ್ದಾರೆ. ಗಂಜಲದ ಘಾಟು ಒಳಗೇ ನಿಂತು ಕರುಗಳಿಗೆ ಕೆಮ್ಮು, ನ್ಯುಮೋನಿಯಾ ಬರುತ್ತದೆ. ಮಾಡಿನ ಕೆಳಗೆ ಒಂದೂವರೆ ಅಡಿಯಾದರೂ ತೆರೆದಿರಲೇಬೇಕು. ಕರೆದ ಮೇಲೆ ಅರ್ಧ ಗಂಟೆ ಹಸು ಮಲಗದಂತೆ ಗೋದಲಿಗೆ ಹೊಸ ಹುಲ್ಲು ಹಾಕಿ. ಈ ಒಂದು ಅಭ್ಯಾಸದಿಂದಲೇ ಕೆಚ್ಚಲು ಬಾವು ಎಷ್ಟೋ ಕಡಿಮೆಯಾಗುತ್ತದೆ.

ಗೊಬ್ಬರ ಹಿತ್ತಿಲ ದನದ ನಿಜವಾದ ಆದಾಯ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕೆ.ಜಿ. ಕೊಟ್ಟಿಗೆ ಗೊಬ್ಬರ, ಅಷ್ಟೇ ಹಸಿರು ಸೊಪ್ಪು ಕೊಡಬೇಕೆಂಬುದು ಶಿಫಾರಸು. ಎಕರೆಗೆ 550 ಮರ ಎಂದರೆ 6.6 ಟನ್ ಗೊಬ್ಬರ. ಎರಡು ಮಿಶ್ರತಳಿ ಅಥವಾ ಐದಾರು ಗಿಡ್ಡ, ಸೊಪ್ಪಿನ ಹಾಸಿನೊಂದಿಗೆ, ಇದರ ಹತ್ತಿರ ಬರುತ್ತವೆ. ಗೊಬ್ಬರಗುಂಡಿಗೆ ಮಾಡು ಇಲ್ಲದಿದ್ದರೆ ಮಾತ್ರ ಈ ಲೆಕ್ಕ ಸುಳ್ಳು. ಜೂನ್ ಮಳೆ ಸಾರವನ್ನೆಲ್ಲ ತೊಳೆದು ಹಳ್ಳಕ್ಕೆ ಸೇರಿಸುತ್ತದೆ, ಉಳಿಯುವುದು ಬರೀ ನಾರು. ಹಳೆಯ ತಗಡು, ನಾಲ್ಕು ಅಡಿಕೆ ಕಂಬ ಸಾಕು, ಈ ಖರ್ಚನ್ನು ಮುಂದೂಡಬೇಡಿ. ಗೋಬರ್ ಗ್ಯಾಸ್ ಹಾಕಿಸುವವರಿಗೆ ಇನ್ನೊಂದು ಅಳತೆ: 2 ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ 50 ಕೆ.ಜಿ. ಸಗಣಿ, ಅಷ್ಟೇ ನೀರು. ಮೂರು ನಾಲ್ಕು ಮಿಶ್ರತಳಿ ಇದ್ದರೆ ಒಲೆ ಉರಿಯುತ್ತದೆ. ಮೇಯಲು ಹೋಗುವ ಎರಡು ಗಿಡ್ಡದ ಸಗಣಿಯಲ್ಲಿ ಅರ್ಧ ಗುಡ್ಡದಲ್ಲೇ ಉಳಿಯುತ್ತದೆ, ಸ್ಥಾವರ ಹಸಿದುಕೊಂಡೇ ಇರುತ್ತದೆ.

ಉಣುಗು

ಮಲೆನಾಡಿನಲ್ಲಿ ಇದನ್ನು ರೋಗದ ಪಟ್ಟಿಯ ನಡುವೆ ಸೇರಿಸಿ ಮುಗಿಸುವ ಹಾಗಿಲ್ಲ. ಮಂಗಗಳಿಗೂ ಮನುಷ್ಯರಿಗೂ ಜ್ವರ ತರುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಅದನ್ನು ಹರಡುವುದು ಕಾಡಿನ ಉಣುಗು. ದನಕ್ಕೆ ಆ ಜ್ವರ ಬರುವುದಿಲ್ಲ, ಆದರೆ ಕಾಡಿಗೆ ಹೋದ ದನ ಉಣುಗನ್ನು ಮೈಮೇಲೆ ಹೊತ್ತು ಅಂಗಳಕ್ಕೆ ತರುತ್ತದೆ. ದರಕಿನ ಹೊರೆಯಲ್ಲೂ ಮರಿ ಉಣುಗು ಬರುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅಪಾಯದ ಕಾಲ. ಮಂಗ ಸತ್ತ ಸುದ್ದಿ ಬಂದ ಕಡೆ ಆ ಕಾಡಿನಿಂದ ದರಕು ಗುಡಿಸಬೇಡಿ, ದನವನ್ನೂ ಆ ಕಡೆ ಅಟ್ಟಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕೊಟ್ಟಿಗೆಯ ಹಾಸಿಗೆ ಆ ತಿಂಗಳುಗಳಲ್ಲಿ ಭತ್ತದ ಹೊಟ್ಟು, ಮರದ ಪುಡಿ, ಮನೆ ಹತ್ತಿರದ ತೋಟದ ಸೋಗೆ ಬಳಸಬಹುದು. ಕಾಡಿಗೆ ಹೋಗುವವರು ಉದ್ದ ತೋಳಿನ ಬಟ್ಟೆ ಹಾಕಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಂಡು, ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯಬೇಕು.

ದನಕ್ಕೆ ಉಣುಗಿನಿಂದ ಬರುವ ತೊಂದರೆ ಬೇರೆ: ಥೈಲೇರಿಯ, ಬಬೇಸಿಯ ಎಂಬ ರಕ್ತದ ರೋಗಗಳು. ಗಿಡ್ಡ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಮಿಶ್ರತಳಿಗೆ 105 ಡಿಗ್ರಿ ಫ್ಯಾರನ್‌ಹೀಟ್ ದಾಟುವ ಜ್ವರ, ಊದಿದ ಗ್ರಂಥಿ, ಕೆಲವೊಮ್ಮೆ ಕಾಫಿ ಬಣ್ಣದ ಮೂತ್ರ. ಎರಡು ದಿನ ಕಾದರೆ ರಕ್ತ ಇಳಿದು ಹಸು ಕೈ ತಪ್ಪುತ್ತದೆ. ಬಯಲುಸೀಮೆಯಿಂದ ತಂದ ಹಸುವನ್ನು ಮೊದಲ ವರ್ಷ ಕಾಡಿಗೆ ಬಿಡಲೇಬೇಡಿ. ಉಣುಗಿನ ಔಷಧಕ್ಕೆ ಪ್ರಮಾಣವನ್ನು ದನದ ಆಸ್ಪತ್ರೆಯಲ್ಲೇ ಕೇಳಿ, ಮೈಗೆ ಹಚ್ಚಿದ ದಿನವೇ ಕೊಟ್ಟಿಗೆಯ ಗೋಡೆ ಬಿರುಕಿಗೂ ಹೊಡೆಯಿರಿ, ಮೊಟ್ಟೆ ಇರುವುದು ಅಲ್ಲಿ.

ಲಸಿಕೆ ಇಬ್ಬರಿಗೂ ಒಂದೇ. ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ, ಗಳಲೆ ಮತ್ತು ಚಪ್ಪೆ ರೋಗಕ್ಕೆ ಮಳೆಗಾಲಕ್ಕೆ ಮುನ್ನ ಮೇ ತಿಂಗಳಲ್ಲಿ, ಚರ್ಮಗಂಟು ರೋಗಕ್ಕೆ ವರ್ಷಕ್ಕೊಮ್ಮೆ, ಗಬ್ಬ ಕಂದುಹಾಕಿಸುವ ಬ್ರೂಸೆಲ್ಲ ರೋಗಕ್ಕೆ ಹೆಣ್ಣು ಕರುವಿಗೆ 4ರಿಂದ 8 ತಿಂಗಳೊಳಗೆ ಒಮ್ಮೆ. ಕರು ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣದ ಹಾಲು, ಮೊದಲ ದಿನ ಅದರ ತೂಕದ ಹತ್ತರಲ್ಲೊಂದು ಪಾಲು. 10ರಿಂದ 15 ದಿನಕ್ಕೆ ಜಂತುಹುಳುವಿನ ಔಷಧ. ಸಂಚಾರಿ ಪಶು ಚಿಕಿತ್ಸೆಗೆ 1962ಕ್ಕೆ ಕರೆ ಮಾಡಬಹುದು. ಆದರೂ ಹೆಚ್ಚು ಹಾಲಿನ ಹಸು ಕಟ್ಟುವವರಿಗೆ ರಾತ್ರಿ ಹೊತ್ತು ಬರುವ ಡಾಕ್ಟರೊಬ್ಬರ ನಂಬರು ಮೊದಲೇ ಗೊತ್ತಿರಬೇಕು. ಕರು ಹಾಕಿದ ಮೂರು ದಿನದೊಳಗೆ ಕಿವಿ ತಣ್ಣಗಾಗಿ, ಕತ್ತು ಹೊಟ್ಟೆಯ ಕಡೆ ತಿರುಗಿಸಿ ಮಲಗಿದರೆ ಅದು ಹಾಲು ಜ್ವರ. ರಕ್ತನಾಳಕ್ಕೆ ಕ್ಯಾಲ್ಸಿಯಂ ಹೋದರೆ ಸಾಮಾನ್ಯವಾಗಿ ಗಂಟೆ ಎರಡು ಗಂಟೆಯಲ್ಲಿ ಎದ್ದು ನಿಲ್ಲುತ್ತದೆ, ಬೆಳಗಿನವರೆಗೆ ಕಾದರೆ ಏಳುವುದು ಅನುಮಾನ.

ಕೋಳಿ, ಆಡು

ನಾಟಿ ಹೇಂಟೆ ವರ್ಷಕ್ಕೆ 50ರಿಂದ 60 ಮೊಟ್ಟೆ ಇಡುತ್ತದೆ, ತಾನೇ ಕಾವಿಗೆ ಕೂರುತ್ತದೆ, ತಾನೇ ಮರಿ ಸಾಕುತ್ತದೆ. ಒಂದು ಕಾವಿಗೆ 10ರಿಂದ 12 ಮೊಟ್ಟೆ, 21 ದಿನ. ಖರ್ಚು ಸಂಜೆಯ ಒಂದು ಹಿಡಿ ಅಕ್ಕಿ ನುಚ್ಚು. ಹಿತ್ತಿಲಿಗೆ ಇದಕ್ಕಿಂತ ಒಳ್ಳೆಯ ತಳಿಯಿಲ್ಲ. ಮರಿಗಳನ್ನು ಮೊದಲ ನಾಲ್ಕು ವಾರ ಹದ್ದು, ಮುಂಗುಸಿಯಿಂದ ಕಾಯ್ದು ಮಂಕರಿಯಡಿ ಇಟ್ಟರೆ ಅರ್ಧ ಗೆದ್ದಂತೆ. ಉಳಿದರ್ಧ ಕೊಕ್ಕರೆ ರೋಗದ ಲಸಿಕೆ: 7ನೇ ದಿನ, 28ನೇ ದಿನ, ಎಂಟು ವಾರಕ್ಕೆ ಚುಚ್ಚುಮದ್ದು. ಲಸಿಕೆಯ ಸೀಸೆ ನೂರಾರು ಕೋಳಿಗೆ ಸಾಕಾಗುವಷ್ಟಿರುತ್ತದೆ, ಕದಡಿದ ಎರಡು ಗಂಟೆಯಲ್ಲಿ ಮುಗಿಸಬೇಕು. ಹಾಗಾಗಿ ಕೇರಿಯ ನಾಲ್ಕೈದು ಮನೆ ಒಂದೇ ದಿನ ಗೊತ್ತುಮಾಡಿ, ಐಸಿನ ಫ್ಲಾಸ್ಕಿನಲ್ಲಿ ಒಂದೇ ಸೀಸೆ ತಂದು ಹಾಕಿಸುವುದು ಸರಿ.

ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಯಾದ ಗಿರಿರಾಜ ತಳಿಯ ಕೋಳಿ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ, ಕಾವಿಗೆ ಕೂರುವುದಿಲ್ಲ. ಎಂದರೆ ಪ್ರತಿ ಸಲ ಮರಿ ಕೊಳ್ಳಬೇಕು. 50 ಕೋಳಿ ದಿನಕ್ಕೆ ಐದೂವರೆ ಕೆ.ಜಿ. ತಿನ್ನುತ್ತವೆ, ಒಂಬತ್ತು ದಿನಕ್ಕೊಂದು ಮೂಟೆ. ಮಾರುವವರು ಗೊತ್ತಾಗದೆ 50 ಮರಿ ತರಬೇಡಿ. ಗೂಡು 10 ಅಡಿಗೆ 10 ಅಡಿ, ಅರ್ಧ ಇಂಚಿನ ಬಲೆ, ನೆಲಕ್ಕೆ ಮೂರಿಂಚು ಭತ್ತದ ಹೊಟ್ಟು. ಹೊಸ ಮರಿಗೆ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಶಾಖ, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸುತ್ತ ಬನ್ನಿ. ಮರಿಗಳು ಬಲ್ಬಿನಡಿ ಒಂದರ ಮೇಲೊಂದು ಒಟ್ಟಿಕೊಂಡರೆ ಚಳಿ, ದೂರ ಓಡಿ ಬಾಯಿ ತೆರೆದರೆ ಸೆಕೆ. ಮಳೆಗಾಲದಲ್ಲಿ ಹೊಟ್ಟನ್ನು ದಿನವೂ ಮುಷ್ಟಿಯಲ್ಲಿ ಹಿಡಿದು ನೋಡಿ. ಉಂಡೆ ಕಟ್ಟಿದರೆ ಒದ್ದೆಯಾಗಿದೆ, ಎರಡು ದಿನದಲ್ಲಿ ರಕ್ತಭೇದಿ ಕಾಣುತ್ತದೆ. ಹೊಟ್ಟನ್ನು ಕೆದಕಿ, ಸುಣ್ಣದ ಪುಡಿ ಬೆರೆಸಿ, ತೀರಾ ಒದ್ದೆಯಾದದ್ದನ್ನು ತೆಗೆದುಹಾಕಿ. ಕೊಂಡುತಂದ ಮರಿಗಳ ಗೂಡಿನ ಹತ್ತಿರ ಅಂಗಳದ ನಾಟಿ ಕೋಳಿ ಸುಳಿಯಬಾರದು. ಎರಡನ್ನೂ ಒಟ್ಟಿಗೆ ಬಿಟ್ಟರೆ ಒಂದರ ರೋಗ ಇನ್ನೊಂದಕ್ಕೆ.

ಆಡಿಗೆ ಮಳೆಯೂ ಕೆಸರೂ ಆಗದು. ಹೊಸನಗರ, ತೀರ್ಥಹಳ್ಳಿಯ ಮಳೆಗೆ ನೆಲದಿಂದ ನಾಲ್ಕಡಿ ಎತ್ತರದ ಅಟ್ಟ, ಅರ್ಧದಿಂದ ಮುಕ್ಕಾಲು ಇಂಚು ಸಂದಿಯ ಹಲಗೆ, ಆಡಿಗೆ 10 ಚದರಡಿ ಬೇಕೇ ಬೇಕು. ಎಳೆ ಅಡಿಕೆ, ಬಾಳೆ, ಕಾಳುಮೆಣಸು ಇರುವ ಜಾಗದಲ್ಲಿ ಬಿಟ್ಟು ಮೇಯಿಸುವ ಯೋಚನೆಯನ್ನೇ ಕೈಬಿಡಿ.

ಮೂಟೆಗೆ ಎಷ್ಟು ಲೀಟರ್

ಫಾರಂ ಲೆಕ್ಕಕ್ಕೆ ದೊಡ್ಡ ಪುಸ್ತಕ ಬೇಡ, ಒಂದೇ ಅಂಕಿ ಸಾಕು: ಒಂದು ಮೂಟೆ ಹಿಂಡಿ ಖಾಲಿಯಾಗುವಾಗ ಎಷ್ಟು ಲೀಟರ್ ಹಾಲು ಮಾರಾಟವಾಯಿತು. ಸರಾಸರಿ 10 ಲೀಟರಿನ ಹಸು 300 ದಿನಕ್ಕೆ 3,000 ಲೀಟರ್ ಕೊಡುತ್ತದೆ. ಮನೆಗೆ ದಿನಕ್ಕೆ ಒಂದೂವರೆಯಂತೆ 450, ಕರುವಿಗೆ 250 ಕಳೆದರೆ 2,300 ಮಾರಾಟ. ಹಿಂಡಿ ಕರಾವಿನ ದಿನಗಳಿಗೆ 1,650 ಕೆ.ಜಿ., ಬತ್ತಿದ 65 ದಿನಕ್ಕೆ ಎರಡೆರಡು ಕೆ.ಜಿ.ಯಂತೆ 130, ಒಟ್ಟು 36 ಮೂಟೆ. ಮೂಟೆಗೆ 64 ಲೀಟರ್ ಆಯಿತು. ಈಗ ನಿಮ್ಮೂರಿನ ಮೂಟೆಯ ದರವನ್ನು ನಿಮ್ಮ ಸಂಘದ ಲೀಟರ್ ದರದಿಂದ ಭಾಗಿಸಿ. 36 ಲೀಟರ್ ಬಂತೆನ್ನಿ, ಮೂಟೆಗೆ 28 ಲೀಟರಿನ ಹಣ ಉಳಿಯಿತು. ಒಣಹುಲ್ಲು, ಔಷಧ, ಸಾಲದ ಕಂತು, ನಿಮ್ಮ ದಿನದ ನಾಲ್ಕು ಗಂಟೆ ದುಡಿಮೆ ಎಲ್ಲ ಅದರಿಂದಲೇ ಬರಬೇಕು. ಮೂಟೆಗೆ ಮಾರುವ ಹಾಲು 45 ಲೀಟರಿಗಿಂತ ಕೆಳಗಿಳಿದರೆ ಆ ಹಸು ನಿಮ್ಮ ಕೂಲಿಯನ್ನು ತಿನ್ನುತ್ತಿದೆ. ಗಿಡ್ಡಕ್ಕೆ ಈ ಅಳತೆ ಹಿಡಿಯಬೇಡಿ, ಅದರ ಲೆಕ್ಕ ಗೊಬ್ಬರದ ಗುಂಡಿಯಲ್ಲಿದೆ.

ಹಾಲು ಸಂಘ ಎಷ್ಟು ದೂರ ಎಂಬುದನ್ನೂ ಮೊದಲೇ ನೋಡಬೇಕು. ಒಂಟಿ ಮನೆಯಿಂದ ಮೂರು ಕಿ.ಮೀ. ಕೆಸರು ದಾರಿಯಲ್ಲಿ ದಿನಕ್ಕೆರಡು ಸಲ ಹೋಗುವುದಾದರೆ 15 ಲೀಟರಿಗಿಂತ ಕಡಿಮೆ ಹಾಲಿಗೆ ಪೆಟ್ರೋಲು ಹುಟ್ಟುವುದಿಲ್ಲ. ಸಂಘಕ್ಕೆ ಹಾಕುವ ಸದಸ್ಯರಿಗೆ ಆಹಾರ ಸುರಕ್ಷತಾ ನೋಂದಣಿ ಬೇಕಿಲ್ಲ, ಮನೆಮನೆಗೆ ಹಾಲು ತುಪ್ಪ ಮಾರುವವರಿಗೆ ಬೇಕು. ಪಶುಪಾಲನೆಗೂ 2018-19ರಿಂದ ಕಿಸಾನ್ ಕ್ರೆಡಿಟ್ ಕಾರ್ಡ್ ಸಿಗುತ್ತದೆ. ಹೈನು, ಕೋಳಿಯ ಆದಾಯವನ್ನು ಆದಾಯ ತೆರಿಗೆಯವರು ಕೃಷಿ ಆದಾಯ ಎಂದು ಎಣಿಸುವುದಿಲ್ಲ, ಅಡಿಕೆ ಲೆಕ್ಕದ ಜೊತೆ ಬೆರೆಸಬೇಡಿ. ವಿಮೆ ಮಾಡಿಸಿದ ಹಸುವಿನ ಕಿವಿಯೋಲೆ ಬಿದ್ದುಹೋದರೆ ಅಂದೇ ತಿಳಿಸಿ ಹೊಸದು ಹಾಕಿಸಿ. ಓಲೆ ಇಲ್ಲದ ಹಸು ಸತ್ತರೆ ವಿಮೆಯ ಹಣ ಬರುವುದಿಲ್ಲ.

ವಯಸ್ಸಾದ ಹಸು, ಗಂಡುಕರುಗಳ ಲೆಕ್ಕವನ್ನು ಯಾರೂ ಮೊದಲೇ ಹಾಕುವುದಿಲ್ಲ. ರಾಜ್ಯದ 2020ರ ಕಾಯ್ದೆ ಪ್ರಕಾರ ಹಸು, ಕರು, ಎತ್ತು, ಹೋರಿಯನ್ನು ಯಾವ ವಯಸ್ಸಿನಲ್ಲೂ ವಧೆಗೆ ಕೊಡುವಂತಿಲ್ಲ. ಕರೆಯದ ಹಸುವನ್ನು ಸಾಕುವ ಮೇವು ನಿಮ್ಮದೇ. ಐದು ಹಸುವಿನ ಫಾರಂ ಎಂದರೆ ಕೆಲವೇ ವರ್ಷದಲ್ಲಿ ಎಂಟು ಬಾಯಿ ಎಂದು ತಿಳಿದು ಹುಲ್ಲು ನೆಡಿ. ಹೆಣ್ಣುಕರುವೇ ಹೆಚ್ಚಾಗಿ ಹುಟ್ಟುವ ಲಿಂಗ ನಿರ್ಧರಿತ ವೀರ್ಯ ಸಿಗುವುದೇ ಎಂದು ಆಸ್ಪತ್ರೆಯಲ್ಲಿ ಕೇಳಿ, ಕಡಸುಗಳಿಗೆ ಮೊದಲ ಸಲ ಅದನ್ನೇ ಬಳಸುವುದು ಮೇಲು.

ಫಾರಮ್ಮಿನಿಂದ ಹಿತ್ತಿಲಿಗೆ ಇಳಿಯುವುದಾದರೆ

ಮನೆಯಲ್ಲಿ ದುಡಿಯುವ ಕೈ ಕಡಿಮೆಯಾದಾಗ, ಆಳು ಬಿಟ್ಟುಹೋದಾಗ ಹಸು ಹಾಗೇ ಇಟ್ಟುಕೊಂಡು ಮೇವು ಇಳಿಸುವುದು ತಪ್ಪು ದಾರಿ. ತಲೆ ಇಳಿಸಿ, ಮೇವು ಇಳಿಸಬೇಡಿ. ಮೊದಲು ಮಾರಬೇಕಾದದ್ದು ನಾಲ್ಕೈದು ತಿಂಗಳ ಗಬ್ಬದ, ಇನ್ನೂ ಹಾಲು ಕೊಡುತ್ತಿರುವ ಹಸು. ಒಳ್ಳೆಯ ಬೆಲೆಗೆ, ಸಾಕುವವರ ಮನೆಗೇ ಹೋಗುತ್ತದೆ. ಬತ್ತಿದ ಹಸುವನ್ನೇ ಮೊದಲು ಸಾಗಹಾಕೋಣ ಎಂದು ಕಾದರೆ ಕೊಳ್ಳುವವರು ಬರುವುದಿಲ್ಲ, ಅಷ್ಟರಲ್ಲಿ ಒಳ್ಳೆಯದೂ ಬತ್ತುತ್ತದೆ. ಮಾರಾಟ ಮಳೆಗಾಲ ಶುರುವಾಗುವ ಮುನ್ನ ಮುಗಿಯಲಿ, ಆಗ ಕೊಂಡವರಿಗೂ ಒಣಹುಲ್ಲು ಒಟ್ಟಿಕೊಳ್ಳಲು ಸಮಯವಿರುತ್ತದೆ. ಉಳಿದ ಒಂದು ಮಿಶ್ರತಳಿಗೆ ಗಿಡ್ಡದ ಹೋರಿ ಕೊಡಿಸಿದರೆ ಹುಟ್ಟುವ ಕರು ಸಣ್ಣದು, ಹೆರಿಗೆ ಸುಲಭ, ಮುಂದೆ ಹಿತ್ತಿಲಿಗೂ ಹೊಂದುತ್ತದೆ. ನೇಪಿಯರ್ ಬುಡಗಳನ್ನು ಕಿತ್ತುಹಾಕಬೇಡಿ, ಎರಡು ಗುಂಟೆಯಷ್ಟನ್ನು ಉಳಿಸಿ ಮಿಕ್ಕದ್ದನ್ನು ಪಕ್ಕದ ಮನೆಯವರಿಗೆ ತುಂಡಿಗೆ ಕೊಡಿ.